ಸತ್ತ ಬಾವಲಿಯನ್ನು ಕಸದ ಗಾಡಿಗೆ ಹಾಕಬೇಡಿ: ಮಹಾರಾಷ್ಟ್ರ ಅರಣ್ಯ ಇಲಾಖೆಗೂ ಪುಣೆಯ ಕನ್ನಡಿಗರಿಗೂ ಒಂದು ಬಹಿರಂಗ ಪತ್ರ

ಮಹಾರಾಷ್ಟ್ರದ ಮುಖ್ಯ ವನ್ಯಜೀವಿ ವಾರ್ಡನ್ ಅವರಿಗೆ, ಪುಣೆಯ ಅರಣ್ಯ ಅಧಿಕಾರಿಗಳಿಗೆ, ಮತ್ತು ಪುಣೆಯಲ್ಲಿ ಬದುಕು ಕಟ್ಟಿಕೊಂಡಿರುವ ನನ್ನ ಕನ್ನಡದ ಜನಕ್ಕೆ,

ನಮಸ್ಕಾರ.

ಏನು ಕೇಳಬೇಕೋ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪುಣೆಯಲ್ಲಿ ತಾವಾಗಿಯೇ ಸತ್ತು ಬೀಳುವ ಬಾವಲಿಗಳನ್ನು ಒಂದು ಕಡೆ ಸೇರಿಸುವ ವ್ಯವಸ್ಥೆ ಮಾಡಿ. ಅವುಗಳ ಕರುಳಲ್ಲಿರುವ ಚಪ್ಪಟೆ ಹುಳುಗಳನ್ನು ತೆಗೆದು, ಗುರುತಿಸಿ, ಕಾಪಿಡಲು ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಿಗೆ ಕಾಯಂ ಅನುಮತಿ ಕೊಡಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಒಂದು ಡೀಪ್ ಫ್ರೀಜರ್ ಮತ್ತು ಒಂದು ಆದೇಶದ ಹಾಳೆ ಸಾಕು.

ಇದನ್ನೇ ಮರಾಠಿಯಲ್ಲಿ ಅರ್ಜಿಯಾಗಿ ಬರೆದು ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯಲು ಕಾರಣ ಇದೆ. ಪುಣೆಯ ವಸತಿ ಸೊಸೈಟಿಗಳಲ್ಲಿ ನಸುಕಿಗೇ ಎದ್ದು ಅಂಗಳ ಗುಡಿಸುವವರು, ರಾತ್ರಿ ಪಾಳಿಯ ವಾಚ್‌ಮನ್‌ಗಳು, ತೋಟ ನೋಡಿಕೊಳ್ಳುವವರು, ಇವರಲ್ಲಿ ಎಷ್ಟೋ ಮಂದಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು. ಸತ್ತ ಬಾವಲಿ ಮೊದಲು ಕಣ್ಣಿಗೆ ಬೀಳುವುದು ಅವರಿಗೆ. ಅವರು ಅದನ್ನು ಏನು ಮಾಡುತ್ತಾರೆ ಅನ್ನುವುದರ ಮೇಲೆ ಈ ಕೆಲಸವೆಲ್ಲ ನಿಂತಿದೆ.

ನಾನು ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯವಳು. ಧಾರವಾಡದಲ್ಲಿ ಓದಿ, ಪುಣೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದೆ. ಹೋದ ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಮೆಟ್ಟಿಲ ಬಳಿ ಒಂದು ಪುಟ್ಟ ಬಾವಲಿ ಸತ್ತು ಬಿದ್ದಿತ್ತು. ದೀಪದ ಸುತ್ತ ಹುಳ ಹಿಡಿಯುತ್ತ ಹಾರಾಡುವ ಜಾತಿಯದು, ನಾಲ್ಕೈದು ಗ್ರಾಂ ತೂಕ ಅಷ್ಟೇ. ನಾನು ಬಗ್ಗಿ ನೋಡುತ್ತಿದ್ದಾಗ ಇಂಡಿ ತಾಲ್ಲೂಕಿನ ವಾಚ್‌ಮನ್ ಓಡಿ ಬಂದರು. "ಅಕ್ಕೋರ, ಮುಟ್ಟಬ್ಯಾಡ್ರಿ. ಅದರ ಹೊಟ್ಟ್ಯಾಗ ಹುಳ ಇರ್ತಾವಂತ. ಮಂದಿಗೂ ಹತ್ತತಾವಂತ" ಅಂದರು. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅಂಥದ್ದೊಂದು ಸುದ್ದಿ ಹರಿದಾಡಿತ್ತಂತೆ. ಹಿಂದಿನ ಗೋಡೆಯ ಸಂದಿಗೆ ಹೊಗೆ ಹಾಕಿಸಬೇಕು, ಆಲದ ಮರದ ಕೊಂಬೆ ಕಡಿಸಬೇಕು ಅಂತ ಅದಾಗಲೇ ಮಾತು ಶುರುವಾಗಿತ್ತು. ಬಾವಲಿ ಹಸಿ ಕಸದ ಡಬ್ಬಿಗೆ ಹೋಯಿತು.

ಹುಳು ಇರುತ್ತವೆ ಅನ್ನುವುದು ನಿಜ. ಹತ್ತುತ್ತವೆ ಅನ್ನುವುದು ಸುಳ್ಳು. ಯಾಕೆ ಸುಳ್ಳು ಅಂತ ವಿವರವಾಗಿ ಹೇಳಬೇಕು. ಆ ಹುಳು ಯಾಕೆ ಮುಖ್ಯ ಅನ್ನುವುದೂ ಆಗಲೇ ತಿಳಿಯುತ್ತದೆ.

ಕೀಟ ತಿನ್ನುವ ಬಾವಲಿಗಳ ಸಣ್ಣ ಕರುಳಲ್ಲಿ ಚಪ್ಪಟೆ ಹುಳುಗಳು ತೀರಾ ಸಾಮಾನ್ಯ. ಕೆಲವು ಲಾಡಿ ಹುಳುಗಳು, ಇಲಿಗಳಲ್ಲಿ ಸಿಗುವ ಲಾಡಿ ಹುಳುಗಳಿಗೆ ಹತ್ತಿರದ ನೆಂಟರು. ಅವು ಕೀಟಗಳ ಮೂಲಕ ಬರುತ್ತವೆ. ಅವನ್ನು ಇಲ್ಲಿಗೇ ಬಿಡುತ್ತೇನೆ. ನಾನು ಹೇಳಬೇಕಾದ್ದು ಟ್ರೆಮಟೋಡ್ ಅನ್ನುವ ಇನ್ನೊಂದು ಗುಂಪಿನ ಬಗ್ಗೆ. ಕುರಿ ಸಾಕುವವರಿಗೆ ಈ ಗುಂಪು ಗೊತ್ತು. ಕುರಿಯ ಪಿತ್ತಕೋಶದಲ್ಲಿ ಸಿಗುವ ಎಲೆಯಾಕಾರದ ಹುಳು ಇದೇ ಗುಂಪಿನದು. ಬಾವಲಿಯಲ್ಲಿ ಇರುವವು ಹೆಚ್ಚಾಗಿ ಲೆಸಿಥೊಡೆಂಡ್ರಿಡೆ ಅನ್ನುವ ಕುಟುಂಬದವು, ಜೊತೆಗೆ ಪ್ಲೇಜಿಯಾರ್ಕಿಸ್ ಜಾತಿಯವು. ಡೆನ್ಮಾರ್ಕಿನ ಓಟ್ಟೋ ಫ್ರೆಡ್ರಿಕ್ ಮುಲ್ಲರ್ 18ನೇ ಶತಮಾನದಲ್ಲೇ ಬಾವಲಿಯ ಹುಳುವೊಂದಕ್ಕೆ ಹೆಸರಿಟ್ಟಿದ್ದರು. ಅಂದರೆ ಇದೇನೂ ಹೊಸದಾಗಿ ಹುಟ್ಟಿಕೊಂಡ ಪಿಡುಗಲ್ಲ.

ಇವನ್ನು ನಾನು ಮೊದಲು ನೋಡಿದ್ದು ಎಂ.ಎಸ್ಸಿ. ಓದುವಾಗ, ನಮ್ಮ ಮೇಷ್ಟ್ರ ಮೇಜಿನ ಮೇಲೆ. ವಾಚ್‌ಗ್ಲಾಸಿನಲ್ಲಿ ಉಪ್ಪು ನೀರು. ಅದರಲ್ಲಿ ಕರುಳಿನ ತುಂಡು ಇಟ್ಟು ಸಣ್ಣ ಕತ್ತರಿಯಿಂದ ಉದ್ದಕ್ಕೆ ಸೀಳುತ್ತಾರೆ. ಮೊದಲು ಲೋಳೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಗಾಜನ್ನು ಮೆಲ್ಲಗೆ ಅಲ್ಲಾಡಿಸಿದರೆ ಲೋಳೆ ಬಿಡುತ್ತದೆ, ತಳದಲ್ಲಿ ಎಳ್ಳಿಗಿಂತ ಚಿಕ್ಕ ಬಿಳಿ ಚುಕ್ಕೆಗಳು ಉಳಿಯುತ್ತವೆ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ಚುಕ್ಕೆ ಹಿಗ್ಗಿ ಕುಗ್ಗಿ ಮುಂದಕ್ಕೆ ಸರಿಯುವುದು ಕಾಣುತ್ತದೆ. ತಲೆಯ ತುದಿಯಲ್ಲಿ ಒಂದು ಹೀರುಬಟ್ಟಲು, ಹೊಟ್ಟೆಯ ಮೇಲೆ ಇನ್ನೊಂದು. ಗಂಡು ಅಂಗ, ಹೆಣ್ಣು ಅಂಗ ಎರಡೂ ಒಂದೇ ಮೈಯಲ್ಲಿ. ಹಿಂಭಾಗದ ತುಂಬ ಕಂದು ಬಣ್ಣದ ಮೊಟ್ಟೆಗಳು, ಬೇರೆ ಯಾವುದಕ್ಕೂ ಜಾಗವೇ ಇಲ್ಲ ಅನ್ನಿಸುವಷ್ಟು. ಅದನ್ನು ಎರಡು ಗಾಜಿನ ನಡುವೆ ಹಗುರಾಗಿ ಒತ್ತಿ, ಕಾರ್ಮಿನ್ ಬಣ್ಣ ಹಾಕಿ, ಹಂತ ಹಂತವಾಗಿ ಆಲ್ಕೋಹಾಲಿನಲ್ಲಿ ನೀರು ತೆಗೆದು, ಲವಂಗದ ಎಣ್ಣೆಯಲ್ಲಿ ತಿಳಿಯಾಗಿಸಿ, ಬಾಲ್ಸಂ ಅನ್ನುವ ಅಂಟು ಹಾಕಿ ಮುಚ್ಚಿದರೆ ಸ್ಲೈಡ್ ಸಿದ್ಧ. ನೂರು ವರ್ಷ ಆದರೂ ಹಾಳಾಗುವುದಿಲ್ಲ. ಯಾವ ಅಂಗ ಎಲ್ಲಿದೆ, ಹೀರುಬಟ್ಟಲು ಎಷ್ಟು ದೊಡ್ಡದು ಅಂತ ಅಳೆದು ಯಾವ ಹುಳು ಅಂತ ಹೇಳುತ್ತಾರೆ.

ಈಗ ಅದು ಬಾವಲಿಯ ಹೊಟ್ಟೆಗೆ ಹೇಗೆ ಬಂತು ನೋಡಿ. ಬಾವಲಿಯ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಹೊರಗೆ ಬರುತ್ತದೆ. ಅದು ನೀರಿಗೆ ಸೇರಬೇಕು. ನೀರಲ್ಲಿ ಬಸವನಹುಳು ಇರಬೇಕು. ಎಂಥದ್ದೋ ಒಂದು ಬಸವನಹುಳು ಸಾಲದು, ಆ ಜಾತಿಗೆ ಒಗ್ಗುವಂಥದ್ದೇ ಬೇಕು. ಅದರೊಳಗೆ ಮರಿಗಳು ಬೆಳೆದು, ಒಂದಕ್ಕೆ ಹತ್ತಾಗಿ, ಬಾಲ ಬೀಸುತ್ತ ನೀರಿಗೆ ಇಳಿಯುತ್ತವೆ. ಹೀಗೆ ಇಳಿಯುವ ಮರಿಯ ಬಾಯಿಯ ಹತ್ತಿರ ಒಂದು ಚೂಪಾದ ಮುಳ್ಳಿರುತ್ತದೆ. ನೀರಲ್ಲೇ ಬೆಳೆಯುವ ಕೀಟದ ಮರಿಯನ್ನು ಹುಡುಕಿ, ಆ ಮುಳ್ಳಿನಿಂದ ಚರ್ಮ ಕೊರೆದು ಒಳಗೆ ಸೇರಿಕೊಳ್ಳುತ್ತದೆ. ಏರೋಪ್ಲೇನ್ ಚಿಟ್ಟೆಯ ಮರಿ, ಮೇಫ್ಲೈ ಮರಿ, ನೊರಜಿನ ಮರಿ, ಹೀಗೆ. ಅಲ್ಲಿ ಗುಂಡಗೆ ಮುದುಡಿ, ಸುತ್ತ ಪೊರೆ ಕಟ್ಟಿಕೊಂಡು ಸುಮ್ನೆ ಕಾಯುತ್ತದೆ. ಕೀಟಕ್ಕೆ ರೆಕ್ಕೆ ಬಂದು ನೀರು ಬಿಟ್ಟು ಹಾರಿದಾಗ ಅದೂ ಜೊತೆಗೆ ಹಾರುತ್ತದೆ. ಆ ಕೀಟವನ್ನು ಬಾವಲಿ ಹಿಡಿದು ತಿಂದರೆ ಮಾತ್ರ ಹುಳು ಮನೆ ಸೇರಿದ ಹಾಗೆ. ನಡುವೆ ಒಂದು ಕೊಂಡಿ ತಪ್ಪಿದರೂ ಅಲ್ಲಿಗೆ ಕಥೆ ಮುಗಿಯಿತು. ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ಈ ಹುಳುಗಳು ಅಪರೂಪ ಆಗಿರುವುದು ಅದಕ್ಕೇ. ಅವು ಕೀಟ ಹಿಡಿಯಲು ಹೋಗುವುದಿಲ್ಲ.

ಹಾಗಾದರೆ ಮನುಷ್ಯರಿಗೆ? ನೀರಿನ ಕೀಟವನ್ನು ಹಸಿಯಾಗಿ ನುಂಗಬೇಕು. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ, ಲಾವೋಸ್‌ನಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ತಿನ್ನುವ ಜನರಲ್ಲಿ ಇದೇ ಕುಟುಂಬದ ಹುಳುಗಳು ಸಿಕ್ಕಿವೆ. ನಮ್ಮಲ್ಲಿ ಆ ಊಟದ ಪದ್ಧತಿ ಇಲ್ಲ. ಮರದ ಕೆಳಗೆ ನಡೆದರೆ, ಬಾವಲಿ ತಲೆಯ ಮೇಲೆ ಹಾರಿದರೆ, ಅದು ಗೋಡೆಯ ಸಂದಿಯಲ್ಲಿ ಮಲಗಿದರೆ ಈ ಹುಳು ಬರುವುದಿಲ್ಲ. ಸೊಸೈಟಿಗಳ ಚೇರ್ಮನ್, ಸೆಕ್ರೆಟರಿಗಳಿಗೆ ಕೈ ಮುಗಿದು ಹೇಳುತ್ತೇನೆ: ಹುಳುವಿನ ಹೆಸರು ಹೇಳಿ ಹೊಗೆ ಹಾಕಿಸಬೇಡಿ, ಮರ ಕಡಿಸಬೇಡಿ. ಮರಿಗಳಿರುವ ಕಾಲದಲ್ಲಂತೂ ಬೇಡವೇ ಬೇಡ. ಇನ್ನೂ ಹಾರಲಾರದ ಮರಿಗಳು ಸಂದಿಯೊಳಗೇ ಸಾಯುತ್ತವೆ.

ಹುಳುವಿನ ಮಾತು ಬೇರೆ, ವೈರಸ್ಸಿನ ಮಾತು ಬೇರೆ. ನಮ್ಮ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು 2020ರಲ್ಲಿ ಮಹಾಬಳೇಶ್ವರದ ಗುಹೆಯ ಬಾವಲಿಗಳನ್ನು ಪರೀಕ್ಷೆ ಮಾಡಿದಾಗ ನಿಫಾ ವೈರಸ್ಸಿಗೆ ಎದುರಾಗಿ ಹುಟ್ಟುವ ಪ್ರತಿಕಾಯಗಳು ಕೆಲವದರಲ್ಲಿ ಸಿಕ್ಕಿದವು. ಆದ್ದರಿಂದ ಸತ್ತದ್ದಾಗಲಿ ಬದುಕಿದ್ದಾಗಲಿ, ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ವಾಚ್‌ಮನ್ ನನ್ನನ್ನು ತಡೆದದ್ದು ಆ ಮಟ್ಟಿಗೆ ಸರಿಯೇ. ಆದರೆ ಕೈಗವಸು ಹಾಕಿಕೊಳ್ಳುವುದು ಬೇರೆ, ಕಸಕ್ಕೆ ಎಸೆಯುವುದು ಬೇರೆ.

ಕಸಕ್ಕೆ ಎಸೆದರೆ ಏನು ಹೋಗುತ್ತದೆ? ಬಾವಲಿಯ ಕರುಳಲ್ಲಿ ಆ ಹುಳು ಸಿಕ್ಕಿತು ಅಂದರೆ, ಅದು ಹಾರಾಡುವ ಜಾಗದಲ್ಲಿ ಒಂದು ನೀರಿದೆ, ಆ ನೀರಲ್ಲಿ ಇಂಥ ಬಸವನಹುಳು ಇದೆ, ಇಂಥ ಕೀಟ ಇದೆ ಅಂತ ಅರ್ಥ. ಒಂದು ಹುಳುವಿನ ಹಿಂದೆ ಮೂರು ಜೀವಿಗಳ ಲೆಕ್ಕ ಇದೆ. ಮುಠಾ ನದಿಯ ಖಡಕವಾಸ್ಲಾ ಅಣೆಕಟ್ಟಿಗೂ ಮೇಲ್ಭಾಗದಲ್ಲಿ, ಪಾನಶೇತ್ ಕಡೆ ನೀರು ಇನ್ನೂ ತಿಳಿಯಾಗಿದೆ. ಅದೇ ಮುಠಾ ನದಿ ಊರೊಳಗೆ ಬಂದು ಸಂಗಮದಲ್ಲಿ ಮುಳಾ ನದಿಯನ್ನು ಸೇರುವ ಹೊತ್ತಿಗೆ ಚರಂಡಿಯ ವಾಸನೆ ಮೂಗಿಗೆ ಬಡಿಯುತ್ತದೆ. ಮೇಫ್ಲೈಯಂಥ ಕೀಟಗಳಿಗೆ ಕೊಳೆ ನೀರು ಆಗಿಬರುವುದಿಲ್ಲ. ಕೆಂಪು ಮರಿಗಳ ನೊರಜು ಮಾತ್ರ ಅಲ್ಲೂ ಲಕ್ಷಗಟ್ಟಲೆ ಹುಟ್ಟುತ್ತದೆ. ಪಾನಶೇತ್ ಹತ್ತಿರ ಸತ್ತ ಬಾವಲಿಯ ಹುಳುಗಳನ್ನೂ ಸಂಗಮದ ಹತ್ತಿರ ಸತ್ತ ಬಾವಲಿಯ ಹುಳುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ನದಿ ಎಲ್ಲಿಂದ ಎಲ್ಲಿಗೆ ಹೇಗೆ ಬದಲಾಗಿದೆ ಅನ್ನುವುದಕ್ಕೆ ನೀರಿನ ಬಾಟಲಿ ಕೊಡದ ಸಾಕ್ಷಿ ಸಿಗುತ್ತದೆ. ಬಾಟಲಿ ಹೇಳುವುದು ಆ ದಿನದ ಸುದ್ದಿ. ಹುಳು ಹೇಳುವುದು ಇಡೀ ಋತುವಿನ ಸುದ್ದಿ. ನದಿ ದಂಡೆಯ ಕಾಮಗಾರಿ ಈಗ ನಡೆಯುತ್ತಿದೆ. ದಂಡೆ ಬದಲಾಗುವ ಮೊದಲು ಏನಿತ್ತು ಅಂತ ಬರೆದಿಡುವ ಅವಕಾಶ ಈಗ ಬಿಟ್ಟರೆ ಮತ್ತೆ ಬರುವುದಿಲ್ಲ.

ಇದು ಪುಣೆಯವರ ನದಿ ಮಾತ್ರ ಅಲ್ಲ ಅನ್ನುವುದನ್ನೂ ನಮ್ಮವರು ಮರೆಯಬಾರದು. ಮುಳಾ ಮುಠಾ ಹೋಗಿ ಸೇರುವುದು ಭೀಮೆಗೆ. ಆ ನೀರು ಉಜನಿ ಅಣೆಕಟ್ಟು ದಾಟಿ ಇಂಡಿ, ಅಫಜಲಪುರದ ಹೊಲಗಳಿಗೆ ಬರುತ್ತದೆ. ನಮ್ಮ ವಾಚ್‌ಮನ್ ಊರಿಗೆ ಹೋದರೆ ಅವರ ಊರ ಪಕ್ಕದಲ್ಲಿ ಹರಿಯುವುದೂ ಇದೇ ನೀರು.

ಹುಳು ನೋಡುವುದರಿಂದ ಜನಕ್ಕೆ ಏನು ಉಪಯೋಗ ಅಂತ ಕಚೇರಿಗಳಲ್ಲಿ ಕೇಳುತ್ತಾರೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ, ಪೊಟೊಮ್ಯಾಕ್ ನದಿಯ ಬದಿಯ ಕುದುರೆಗಳಿಗೆ 1979ರಲ್ಲಿ ಜ್ವರ, ಭೇದಿ ಶುರುವಾಯಿತು. ಅದಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಅಂತ ಮುಂದೆ ಗೊತ್ತಾಯಿತು. ಆದರೆ ಆ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತದೆ ಅನ್ನುವುದು ಬಹಳ ಕಾಲ ಬಗೆಹರಿಯಲಿಲ್ಲ. ಕೊನೆಗೆ ಸಿಕ್ಕಿದ್ದು ಎಲ್ಲಿ? ಬಾವಲಿಯ ಕರುಳಿನ ಇದೇ ಟ್ರೆಮಟೋಡ್ ಹುಳುಗಳೊಳಗೆ. ಹುಳು ಸೇರಿಕೊಂಡಿದ್ದ ನೀರಿನ ಕೀಟಗಳು ಮೇವಿನ ಜೊತೆ ಕುದುರೆಯ ಹೊಟ್ಟೆಗೆ ಹೋಗುತ್ತಿದ್ದವು. ಪಶುವೈದ್ಯರು ಅದನ್ನು ಬಿಡಿಸಿದ್ದು ಹುಳುಗಳನ್ನು ಹೆಸರಿಟ್ಟು ಗುರುತಿಸುವವರು ಜೊತೆಗಿದ್ದದ್ದರಿಂದ. ಆ ರೋಗ ಪುಣೆಯಲ್ಲಿದೆ ಅಂತ ನಾನು ಹೇಳುತ್ತಿಲ್ಲ. ನಾಳೆ ಅಂಥದ್ದೇನಾದರೂ ಬಂದರೆ ಹೋಲಿಸಿ ನೋಡಲು ನಮ್ಮ ಹತ್ತಿರ ಸ್ಲೈಡುಗಳಿರಬೇಕು, ಅಲ್ವಾ?

ಮಹಾರಾಷ್ಟ್ರದ್ದೇ ಉದಾಹರಣೆ ಬೇಕಾದರೆ ರತ್ನಾಗಿರಿ ಜಿಲ್ಲೆಯ ಗಿಮವಿ ಅನ್ನುವ ಹಳ್ಳಿ ಇದೆ. ಅಲ್ಲಿ ಜನರ ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. 1952ರಲ್ಲಿ ವೈದ್ಯರು ಅದರ ಹಿಂದೆ ಬಿದ್ದು, ಆಫ್ರಿಕಾದ ಕಡೆ ಹೆಚ್ಚಾಗಿ ಕಾಣುವ ರಕ್ತದ ಚಪ್ಪಟೆ ಹುಳುವಿನ ಕಾಯಿಲೆ ಇಲ್ಲೂ ಇದೆ ಅಂತ ತೋರಿಸಿದರು. ಆಮೇಲೆ ಹುಡುಕಾಟ ಹೋದದ್ದು ಆ ಊರಿನ ಹಳ್ಳದ ಬಸವನಹುಳುಗಳ ಕಡೆಗೆ. ಅಲ್ಲಿಗೆ ಹೋಗಿ, ನೀರಿಗಿಳಿದು, ಚಿಪ್ಪು ಒಡೆದು ನೋಡುವ ತಾಳ್ಮೆ ಆಗಿನವರಿಗಿತ್ತು.

ಈಗ ಕಾನೂನಿನ ವಿಷಯ. ಇದು ಅಧಿಕಾರಿಗಳಿಗೇ ನೇರವಾಗಿ.

1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿಗಳನ್ನು ಬಹಳ ವರ್ಷ ಕಾಗೆ, ಇಲಿಗಳ ಸಾಲಿನಲ್ಲಿ ಪೀಡಕ ಪ್ರಾಣಿ ಅಂತ ಇಟ್ಟಿದ್ದರು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ನನಗೆ ಅದರಿಂದ ನಿಜಕ್ಕೂ ಸಂತೋಷ ಆಯಿತು. ಆದರೆ ಕಾಯ್ದೆಯ 39ನೇ ಕಲಮಿನ ಪ್ರಕಾರ ರಕ್ಷಣೆ ಇರುವ ಕಾಡುಪ್ರಾಣಿ ಸತ್ತು ಬಿದ್ದಿದ್ದರೂ ಅದು ಸರ್ಕಾರದ ಸ್ವತ್ತು. ಅದು ಯಾರ ಕೈಗೆ ಸಿಕ್ಕುತ್ತದೋ ಅವರು 48 ಗಂಟೆಯೊಳಗೆ ಪೊಲೀಸರಿಗೋ ಅಧಿಕಾರಿಗೋ ತಿಳಿಸಬೇಕು. ಕಳ್ಳಬೇಟೆ ತಡೆಯಲು ಇದು ಬೇಕೇ ಬೇಕು. ತೊಂದರೆ ಇರುವುದು ಇಲ್ಲಿ: ಬಿದ್ದಿರುವುದು ಯಾವ ಜಾತಿ, ರಕ್ಷಣೆಯ ಪಟ್ಟಿಯಲ್ಲಿದೆಯೋ ಇಲ್ಲವೋ ಅಂತ ರಸ್ತೆಯಲ್ಲಿ ನಿಂತು ಹೇಳುವುದು ಕಷ್ಟ. ಹಾಗಾಗಿ ಕಾಲೇಜಿನ ಶಿಕ್ಷಕರು ಯಾಕೆ ಬೇಕು ಉಸಾಬರಿ ಅಂತ ಕೈ ಹಾಕುವುದೇ ಇಲ್ಲ. 12ನೇ ಕಲಮಿನಲ್ಲಿ ಸಂಶೋಧನೆಗೆ ಪರವಾನಗಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ವಾರ್ಡನ್ ಅವರಿಗೆ ಇದೆ. ಆದರೆ ಕಡತ ನಾಗಪುರಕ್ಕೆ ಹೋಗಿ ಬರುವಷ್ಟು ಹೊತ್ತು ಹುಳು ಕಾಯುವುದಿಲ್ಲ. ಬಾವಲಿ ಸತ್ತ ಕೆಲವೇ ಗಂಟೆಗಳಲ್ಲಿ ಕರುಳು ತನ್ನಷ್ಟಕ್ಕೆ ಕರಗಲು ಶುರುವಾಗುತ್ತದೆ. ಅದರ ಜೊತೆ ಹುಳುವೂ ಕರಗುತ್ತದೆ. ಪುಣೆಯ ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನದ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಪ್ರತಿ ಸಾವಿಗೂ ಬೇರೆ ಬೇರೆ ಪರವಾನಗಿ ಕೇಳುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಮೊದಲೇ ಕೊಟ್ಟಿಟ್ಟ ಅನುಮತಿಯೇ ಬೇಕು.

ಜೊತೆಗೆ ಇನ್ನೊಂದು ನೋವು ಹೇಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ 2011ರಿಂದ ಹಂತ ಹಂತವಾಗಿ, 2014ರಲ್ಲಿ ಪೂರ್ತಿಯಾಗಿ ಪ್ರಾಣಿ ಕೊಯ್ಯುವ ಪ್ರಯೋಗ ನಿಲ್ಲಿಸಿತು. ತರಗತಿಗೋಸ್ಕರ ಕಪ್ಪೆ ಕೊಲ್ಲುವುದು ನಿಂತದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಪ್ಪೆಯ ಶ್ವಾಸಕೋಶದಲ್ಲೋ ಮೂತ್ರಕೋಶದಲ್ಲೋ ಚಪ್ಪಟೆ ಹುಳು ಕಂಡು ಬೆರಗಾಗಿ ಈ ವಿದ್ಯೆಗೆ ಬಂದವರೇ ನಮ್ಮಲ್ಲಿ ಜಾಸ್ತಿ. ಈಗ ಮಕ್ಕಳಿಗೆ ಹುಳು ಅಂದರೆ ಪುಸ್ತಕದ ಚಿತ್ರ. ಹೋದ ತಲೆಮಾರಿನವರು ಸ್ಲೈಡ್ ಮಾಡುವುದನ್ನು ಕೈ ಹಿಡಿದು ಕಲಿಸಿದ್ದರು. ಅದು ಗೊತ್ತಿರುವವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಒಂದು ಪ್ರಾಣಿಯನ್ನೂ ಕೊಲ್ಲದೆ ಆ ಕೆಲಸ ಕಲಿಸಲು ತಾನಾಗಿ ಸತ್ತ ಬಾವಲಿಗಿಂತ ಒಳ್ಳೆಯ ದಾರಿ ಇಲ್ಲ.

ಹಾಗಾಗಿ ಮಾನ್ಯರೇ, ಹೀಗೆ ಮಾಡಬಹುದು. ಪುಣೆಯ ಒಂದು ರೇಂಜ್ ಕಚೇರಿಯಲ್ಲಿ ಫ್ರೀಜರ್ ಇಡಿ. ನಿಮ್ಮ 1926 ಸಹಾಯವಾಣಿಗೆ ಸತ್ತ ಬಾವಲಿಯ ಕರೆ ಬಂದರೆ ದಾಖಲು ಮಾಡಿ, ತರಿಸಿಕೊಳ್ಳಿ. ಸುರಕ್ಷತೆಯ ಅನುಕೂಲ ಇರುವ ನಾಲ್ಕಾರು ಕಾಲೇಜು ಪ್ರಯೋಗಾಲಯಗಳಿಗೆ ವರ್ಷಕ್ಕೊಮ್ಮೆ ನವೀಕರಿಸುವ ಅನುಮತಿ ಕೊಡಿ. ಮೊದಲು ವೈರಸ್ ಪರೀಕ್ಷೆಗೆ ಬೇಕಾದ ಮಾದರಿ ಬೇಕಿದ್ದರೆ ಅದನ್ನು ತೆಗೆದುಕೊಂಡ ಮೇಲೇ ಕರುಳು ಕೈಗೆ ಬರಲಿ. ಸಿಕ್ಕಿದ ಹುಳುಗಳಲ್ಲಿ ಅರ್ಧ ಸ್ಲೈಡಿಗೆ, ಅರ್ಧ ಗಟ್ಟಿ ಆಲ್ಕೋಹಾಲಿಗೆ ಹೋಗಲಿ. ಫಾರ್ಮಲಿನ್‌ಗೆ ಹಾಕಿದರೆ ಮುಂದೆ ಡಿಎನ್‌ಎ ನೋಡುವುದು ಬಹಳ ಕಷ್ಟ. ಪ್ರತಿ ಸ್ಲೈಡಿನ ಒಂದು ಪ್ರತಿ ಆಕುರ್ಡಿಯಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಪಶ್ಚಿಮ ಪ್ರಾದೇಶಿಕ ಕೇಂದ್ರಕ್ಕೆ ಸೇರಲಿ. ಕಾಲೇಜಿನ ಕಪಾಟಿನಲ್ಲಿ ಉಳಿದ ಸ್ಲೈಡು ಆ ಶಿಕ್ಷಕರು ನಿವೃತ್ತರಾದ ದಿನವೇ ಅನಾಥ ಆಗುತ್ತದೆ. ಅಂಥ ಪೆಟ್ಟಿಗೆಗಳು ರದ್ದಿಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಒಂದು ಷರತ್ತು ಮಾತ್ರ ಗಟ್ಟಿಯಾಗಿ ಬರೆಯಿರಿ. ಬಾವಲಿ ತಂದುಕೊಟ್ಟವರಿಗೆ ಒಂದು ರೂಪಾಯಿಯನ್ನೂ ಯಾರೂ ಕೊಡಬಾರದು. ದುಡ್ಡು ಶುರುವಾದರೆ ಕೊಲ್ಲುವುದು ಶುರುವಾಗುತ್ತದೆ. ಬದುಕಿರುವ ಬಾವಲಿಯನ್ನು ಹುಳುವಿಗೋಸ್ಕರ ಕೊಲ್ಲುವ ಹಳೇ ರೂಢಿಗೆ ಈ ಆದೇಶ ಹಿಂಬಾಗಿಲು ಆಗಬಾರದು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಮ್ಮ ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ, ತಳೇವಾಡಿ ಹತ್ತಿರ, ಬಾರಾಪೇಡೆ ಗುಹೆ ಇದೆ. ರಾಟನ್ಸ್ ಬಾವಲಿ ಅನ್ನುವ ಅಪರೂಪದ ಜಾತಿಯನ್ನು 1913ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಓಲ್ಡ್‌ಫೀಲ್ಡ್ ಥಾಮಸ್ ಅಲ್ಲಿನ ಮಾದರಿಯಿಂದ ವಿವರಿಸಿದರು. ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನಲ್ಲಿ ಬೇರೆಲ್ಲೂ ಅದು ಗೊತ್ತೇ ಇರಲಿಲ್ಲ. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಸಿಕ್ಕಿತು. ಅಂಥ ಜಾತಿಯ ಒಂದೊಂದು ಜೀವವೂ ಬೇಕು. ಬಾವಲಿ ಹೋದರೆ ಅದನ್ನೇ ನೆಚ್ಚಿಕೊಂಡಿರುವ ಹುಳುವೂ ಹೆಸರಿಲ್ಲದೆ ಹೋಗುತ್ತದೆ.

ಇನ್ನು ನಮ್ಮವರಿಗೆ. ಬೆಳಗ್ಗೆ ಗುಡಿಸುವಾಗ ಸತ್ತ ಬಾವಲಿ ಕಂಡರೆ ಬರಿಗೈ ತಾಗಿಸಬೇಡಿ. ಮಕ್ಕಳನ್ನು, ನಾಯಿಯನ್ನು ದೂರ ಇಡಿ. ಮೇಲೊಂದು ಹಳೇ ಬಕೆಟ್ ಬೋರಲು ಹಾಕಿ 1926ಕ್ಕೆ ಫೋನ್ ಮಾಡಿ. ಜಾಗ, ತಾರೀಖು, ಹೊತ್ತು ಒಂದು ಚೀಟಿಯಲ್ಲಿ ಬರೆದಿಡಿ. ಮನೆಯ ಫ್ರಿಜ್ಜಿನಲ್ಲಿ ಇಡುವುದು ಬೇಡ. ಇನ್ನೂ ಉಸಿರಾಡುತ್ತಿದ್ದರೆ ಅದನ್ನೂ ಫೋನಿನಲ್ಲೇ ಹೇಳಿ, ಪ್ರಾಣಿ ರಕ್ಷಣೆಯವರು ನೋಡಿಕೊಳ್ಳುತ್ತಾರೆ. ಮರಾಠಿ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಪಕ್ಕದ ಯಾರಿಗಾದರೂ ಫೋನ್ ಕೊಟ್ಟು ವಟವಾಘೂಳ ಅಂತ ಹೇಳಿಸಿದರೆ ಸಾಕು, ಅವರಿಗೆ ಗೊತ್ತಾಗುತ್ತದೆ.

ಅಧಿಕಾರಿಗಳೇ, ಈ ಕೆಲಸಕ್ಕೆ ಸಿದ್ಧರಿರುವ ಶಿಕ್ಷಕರ ಒಪ್ಪಿಗೆ ಪತ್ರಗಳನ್ನು ಮರಾಠಿ ಅರ್ಜಿಯ ಜೊತೆ ಇಟ್ಟಿದ್ದೇನೆ. ಸ್ಲೈಡ್ ಮಾಡುವುದನ್ನು ಮಕ್ಕಳಿಗೆ ಕಲಿಸಲು ನಾನು ಸಂಬಳವಿಲ್ಲದೆ ಬರುತ್ತೇನೆ, ಎಲ್ಲಿಗೆ ಕರೆದರೂ ಬರುತ್ತೇನೆ. ಮಳೆ ಬಿದ್ದ ಮೇಲೆ ಹೊಂಡಗಳಲ್ಲಿ ಬಸವನಹುಳು ಏಳುತ್ತವೆ, ನೀರಿನ ಕೀಟಗಳು ಹಾರಲು ಶುರುಮಾಡುತ್ತವೆ. ಹುಳುಗಳು ಜಾಸ್ತಿ ಸಿಗುವ ಕಾಲ ಅದು. ಅದಕ್ಕೆ ಮೊದಲು, ಮೇ ತಿಂಗಳೊಳಗೆ, ಹೌದು ಅಥವಾ ಇಲ್ಲ ಅನ್ನುವ ಉತ್ತರ ಬರಹದಲ್ಲಿ ಕೊಡಿ. ಇಲ್ಲ ಅಂತಾದರೆ ಯಾವ ನಿಯಮ ಅಡ್ಡ ಬರುತ್ತದೆ ಅಂತ ತಿಳಿಸಿ. ಆ ನಿಯಮಕ್ಕೆ ಹೊಂದುವ ಹಾಗೆ ಅರ್ಜಿಯನ್ನು ತಿದ್ದಿ ಮತ್ತೆ ಕಳಿಸುತ್ತೇನೆ.

ಇಂತಿ,
ಪ್ರಾಣಿಶಾಸ್ತ್ರದ ನಿವೃತ್ತ ಶಿಕ್ಷಕಿ, ಪುಣೆ